ಹಡಗು ಕಾಯುವುದಿಲ್ಲ, ಸ್ವಾಮಿ! ಚೇಳೂರಿನಿಂದ ಪಣಂಬೂರಿಗೆ ಒಂದು ಪಯಣ

ನಮ್ಮ ಚೇಳೂರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ! ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರ ನಮ್ಮೂರು. ಸುತ್ತ ತೆಂಗು, ಅಡಿಕೆ, ರಾಗಿ ಹೊಲ. ಹೆಸರು ಅಂತ ಇರುವುದು ಹಲಸಿಗೆ. ತಾಮ್ರದ ಬಣ್ಣದ ತೊಳೆಯ ‘ಸಿದ್ದು’ ಹಲಸು ಹುಟ್ಟಿದ್ದು ಇಲ್ಲಿಯೇ. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಅದನ್ನು ಗುರುತಿಸಿದ ಮೇಲೆ ಸಸಿಗೆ ಎಲ್ಲೆಲ್ಲಿಂದಲೋ ಜನ ಬಂದರು. ನೀರು ಅಂದರೆ ನಮಗೆ ಕೆರೆ, ಬೋರ್‌ವೆಲ್, ಹೇಮಾವತಿ ನಾಲೆ. ಅಲೆ ಅಂದರೆ ಸಿನಿಮಾದಲ್ಲಿ ನೋಡಿದ್ದು, ಅಷ್ಟೆ.

ಆದರೂ ಚೇಳೂರಿನ ಒಂದು ಮನೆಯ ಕ್ಯಾಲೆಂಡರಿನಲ್ಲಿ ಹಬ್ಬ, ಅಮಾವಾಸ್ಯೆಗಳ ಜೊತೆಗೆ ಒಂದು ಹಡಗಿನ ತಾರೀಖೂ ಗುರುತಾಗಿತ್ತು. ನನ್ನ ಜೊತೆ ಪಿ.ಯು.ಸಿ. ಓದಿದ ಗೆಳೆಯನ ಮನೆ ಅದು. ನಾನು ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟು ಪತ್ರಿಕೆಗಳಿಗೆ ಬರೆಯುತ್ತ ಊರೂರು ಸುತ್ತಿದೆ. ಅವನು ಮುಗಿಸಿ, ಹೋಟೆಲ್ ಕೆಲಸದ ಕೋರ್ಸ್ ಮಾಡಿ, ಪ್ರವಾಸಿ ಹಡಗು ಸೇರಿದ. ರೂಮು ಗುಡಿಸಿ ಹಾಸಿಗೆ ಹಾಸುವ ಕೆಲಸ. ಒಂದು ಸಲ ಹತ್ತಿದರೆ ತಿಂಗಳುಗಟ್ಟಲೆ ನೀರಿನ ಮೇಲೆಯೇ. ಅಂಥವನ ಹಡಗು ನಮ್ಮದೇ ನಾಡಿನ ನವಮಂಗಳೂರು ಬಂದರಿಗೆ ಒಂದೇ ಒಂದು ಹಗಲು ಬರುತ್ತದೆಂದು ತಿಳಿದಾಗ ಅವರಮ್ಮ ಸುಮ್ಮನಿರುತ್ತಾರೆಯೇ? “ನಡಿಯಪ್ಪ, ನೀನು ಊರೂರು ತಿರುಗಿರೋನು, ನನ್ನ ಕರ್ಕೊಂಡೋಗು” ಎಂದರು. ನಾನು ಅವರನ್ನು ದೊಡ್ಡಮ್ಮ ಎನ್ನುವುದು. ಹೊರಟೆವು.

ಹಡಗಿನಿಂದ ಇಳಿದು ಊರು ನೋಡಿ, ಹಡಗು ತಪ್ಪಿಸಿಕೊಳ್ಳದೆ ಮತ್ತೆ ಹತ್ತುವುದು ಎಷ್ಟು ದೊಡ್ಡ ವಿದ್ಯೆ ಎಂಬುದು ಅಂದು ನನಗೆ ಗೊತ್ತಾಯಿತು. ಅದನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಸಿನಿಮಾ ಹಡಗು, ನಿಜವಾದ ಹಡಗು

ನಮ್ಮ ಕನ್ನಡ ಚಿತ್ರಗಳು ಸಮುದ್ರಕ್ಕೆ ಹೊಸಬವೇನಲ್ಲ. 1968ರಲ್ಲೇ ಅಣ್ಣಾವ್ರು ‘ಗೋವಾದಲ್ಲಿ ಸಿ.ಐ.ಡಿ. 999’ ಆದರು. 1978ರಲ್ಲಿ ದ್ವಾರಕೀಶ್, ವಿಷ್ಣುವರ್ಧನ್ ಜೋಡಿಯನ್ನು ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ಕಡಲಾಚೆಗೇ ಒಯ್ದಿತು. ತೆರೆಯ ಮೇಲೆ ಹಡಗು ಹೊರಟಾಗ ನಾಯಕ ಓಡಿ ಬರುತ್ತಾನೆ, ಜಿಗಿಯುತ್ತಾನೆ, ಹಗ್ಗ ಹಿಡಿಯುತ್ತಾನೆ... ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ!

ನಿಜವಾದ ಹಡಗಿನಲ್ಲಿ ಆ ಶಾಟ್ ಇಲ್ಲ, ಸ್ವಾಮಿ. ಹೊರಡುವ ಹೊತ್ತಿಗೆ ಬಹಳ ಮುಂಚೆಯೇ ಏಣಿ ಮೇಲೆ ಹೋಗಿರುತ್ತದೆ. ನಮ್ಮ ತಾಲ್ಲೂಕಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಇದು ಗುಬ್ಬಿ ಕಂಪನಿಯ ನಾಟಕದ ಹಾಗೆ. 1884ರಲ್ಲಿ ಶುರುವಾದ ಆ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ಇಡೀ ನಾಡು ಸುತ್ತಿತು; ರಾಜ್‌ಕುಮಾರ್ ಕೂಡ ಅದರಲ್ಲಿ ಬಣ್ಣ ಹಚ್ಚಿದವರೇ. ಕಂಪನಿ ನಾಟಕಕ್ಕೆ ಮೊದಲ ಬೆಲ್, ಎರಡನೇ ಬೆಲ್, ಮೂರನೇ ಬೆಲ್ ಎಂದಿರುತ್ತದಲ್ಲ? ಮೂರನೇ ಬೆಲ್ಲಿಗೆ ಪರದೆ ಏಳಲೇಬೇಕು. ಹಡಗಿನಲ್ಲೂ ಹಾಗೆಯೇ. ‘ಎಲ್ಲರೂ ಒಳಗಿರಬೇಕಾದ ಸಮಯ’ ಒಂದು, ‘ಹೊರಡುವ ಸಮಯ’ ಇನ್ನೊಂದು. ಐದಕ್ಕೆ ಹೊರಡುವ ಹಡಗಿಗೆ ನಾಲ್ಕೂವರೆಗೆ, ಕೆಲವು ಕಡೆ ನಾಲ್ಕಕ್ಕೇ ಒಳಗಿರಬೇಕು. ಕೆಲಸದವರು ಅದಕ್ಕಿಂತಲೂ ಮುಂಚೆ. ಪ್ರಯಾಣಿಕ ನೆನಪಿಡಬೇಕಾದ್ದು ಹೊರಡುವ ಸಮಯವನ್ನಲ್ಲ, ಒಳಗಿರಬೇಕಾದ ಸಮಯವನ್ನು.

ಯಾಕೆ ಕಾಯುವುದಿಲ್ಲ? ದೊಡ್ಡ ಹಡಗನ್ನು ಕ್ಯಾಪ್ಟನ್ ಒಬ್ಬನೇ ತನಗೆ ಬೇಕಾದಾಗ ತಿರುಗಿಸಿಕೊಂಡು ಹೋಗುವಂತಿಲ್ಲ. ಬಂದರಿನ ಪೈಲಟ್ ಬರಬೇಕು, ದಬ್ಬಲು ಎಳೆಯಲು ಟಗ್ ದೋಣಿಗಳು ಬರಬೇಕು, ಹೊರಗೆ ಹೋಗುವ ಕಾಲುವೆ ಖಾಲಿ ಇರಬೇಕು. ನವಮಂಗಳೂರು ಬಂದರಂತೂ ದಂಡೆಯ ನೆಲವನ್ನೇ ಅಗೆದು ಮಾಡಿದ್ದು. 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಯಿತು, 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಅದಿರು, ಎಣ್ಣೆ, ಕಲ್ಲಿದ್ದಲು, ಗೊಬ್ಬರದ ಹಡಗುಗಳಿಗೂ ಅದೇ ದಾರಿ. ಒಂದು ಹೊರಟರೆ ಇನ್ನೊಂದು ಒಳಗೆ.

ಮೇಲಾಗಿ ಬೆಳಗಾದರೆ ಕೊಚ್ಚಿಯಲ್ಲಿ ಇನ್ನೊಂದು ಪೈಲಟ್ ಕಾದಿರುತ್ತಾನೆ. ತಡವಾದದ್ದನ್ನು ದಾರಿಯಲ್ಲಿ ಸರಿದೂಗಿಸೋಣ ಎಂದರೆ ಎಣ್ಣೆಯ ಖರ್ಚು ಕೇಳಬೇಡಿ. ಹಡಗಿನ ವೇಗವನ್ನು ಹತ್ತನೇ ಒಂದು ಪಾಲು ಹೆಚ್ಚಿಸಬೇಕಾದರೆ ಇಂಜಿನ್ನು ಸುಮಾರು ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಹಾಕಬೇಕಂತೆ. ಸಾವಿರ ಜನರ ಹಡಗು ಇಬ್ಬರಿಗಾಗಿ ಅಷ್ಟು ಎಣ್ಣೆ ಸುಡುತ್ತದೆಯೇ?

ಒಂದು ಹಗಲಿನ ಊರು

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಹೆಚ್ಚು ಕಡಿಮೆ ನವೆಂಬರಿನಿಂದ ಏಪ್ರಿಲ್-ಮೇ ತನಕ, ಪಣಂಬೂರಿಗೆ ಈ ಬಿಳಿ ಹಡಗುಗಳು ಬರುತ್ತವೆ. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದವು. 2022ರ ನವೆಂಬರ್ 28ರಂದು ‘ಯುರೋಪಾ 2’ ಬಂದು ಮತ್ತೆ ಬಾಗಿಲು ತೆರೆಯಿತು. ಅದರಲ್ಲಿ ಇದ್ದ ಪ್ರಯಾಣಿಕರು 271, ಕೆಲಸದವರು 373! ಉಣ್ಣುವವರಿಗಿಂತ ಬಡಿಸುವವರೇ ಜಾಸ್ತಿ.

ಬೆಳಗ್ಗೆ ಬಂದು ಸಂಜೆಗೆ ಹೊರಡುವ ಹಡಗಿನವರಿಗೆ ಮಂಗಳೂರು ಅಂದರೆ ಒಂದೇ ಹಗಲಿನ ಊರು. ಅಷ್ಟರಲ್ಲಿ ನೋಡುವುದಕ್ಕೆ ಎಷ್ಟೊಂದಿದೆ ನೋಡಿ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಆಂತೋನಿಯೊ ಮೊಸ್ಕೇನಿ ಗೋಡೆ, ಸೂರು ಬಿಡದಂತೆ ಚಿತ್ರ ಬರೆದದ್ದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು. ಕಾರ್ಕಳದ ಬಂಡೆಯ ಮೇಲೆ 42 ಅಡಿಯ ಗೊಮ್ಮಟ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಜೊತೆಗೆ ಗೇರುಬೀಜದ ಫ್ಯಾಕ್ಟರಿ, ಮಾರ್ಕೆಟ್ಟು, ಎಳನೀರು.

ಇವನ್ನು ನೋಡಲು ಎರಡು ದಾರಿ. ಒಂದು, ಹಡಗಿನವರೇ ಏರ್ಪಾಡು ಮಾಡುವ ಬಸ್ಸು. ದುಡ್ಡು ಜಾಸ್ತಿ, ಆದರೆ ಆ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ಇನ್ನೊಂದು, ಗೇಟಿನಲ್ಲಿ ನೀವೇ ಟ್ಯಾಕ್ಸಿಯೋ ಆಟೋವೋ ಹಿಡಿದು ಹೋಗುವುದು. ದುಡ್ಡು ಕಮ್ಮಿ, ಸ್ವಾತಂತ್ರ್ಯ ಜಾಸ್ತಿ. ಗಡಿಯಾರದ ಹೊಣೆ ಮಾತ್ರ ಪೂರ್ತಿ ನಿಮ್ಮದೇ!

ಅಂದು ಗೇಟಿನ ಬಳಿ ನಾವು ಕಾಯುತ್ತಿದ್ದಾಗ ಒಬ್ಬ ಬಿಳಿಕೂದಲಿನ ವಿದೇಶಿ ಹೆಂಗಸು ಗಂಡನ ಜೊತೆ ಟ್ಯಾಕ್ಸಿಯವನ ಹತ್ತಿರ ಚೌಕಾಸಿ ಮಾಡುತ್ತಿದ್ದರು. ಆಕೆಯ ಅಂಗೈ ಮೇಲೆ ಪೆನ್ನಿನಿಂದ ದೊಡ್ಡದಾಗಿ ‘4.30’ ಎಂದು ಬರೆದಿತ್ತು. ಟ್ಯಾಕ್ಸಿಯವನಿಗೆ ಅಂಗೈ ತೋರಿಸಿದರು. ಅವನು ತಲೆಯಾಡಿಸಿ, “ಮೂರಕ್ಕೆ ಇಲ್ಲಿ ತಂದು ಬಿಡುವ” ಎಂದ. ದೊಡ್ಡಮ್ಮ ನೋಡಿ ನಕ್ಕರು. “ಪರೀಕ್ಷೆಗೆ ಹೋಗೋ ಹುಡುಗರು ಬರ್ಕೊಂಡಂಗೆ ಬರ್ಕೊಂಡವಳೆ ನೋಡು!”

ಧರ್ಮಸ್ಥಳವೋ, ಕದ್ರಿಯೋ?

ನಾವು ಹಿಂದಿನ ಸಂಜೆಯೇ ಊರು ಬಿಟ್ಟಿದ್ದೆವು. ಗುಬ್ಬಿ, ತಿಪಟೂರು, ಅರಸೀಕೆರೆ, ಹಾಸನ, ಆಮೇಲೆ ಶಿರಾಡಿ ಘಾಟಿಯ ಕತ್ತಲೆ. ದೊಡ್ಡಮ್ಮನಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೇಟು. ನನಗೆ ಮಾತ್ರ ಪೂರ್ತಿ ಚಾರ್ಜು. ಬೆಳಗ್ಗೆ ಬಿಜೈ ಬಸ್ ನಿಲ್ದಾಣದಲ್ಲಿ ಮುಖ ತೊಳೆದು ಪಣಂಬೂರಿಗೆ ಬಂದೆವು. ಹಲಸಿನ ಕಾಲ ಇನ್ನೂ ಬಂದಿರಲಿಲ್ಲ. ಬುತ್ತಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕೊಬ್ಬರಿ ಮಿಠಾಯಿ. ಸೆರಗಿನಲ್ಲಿ ಇನ್ನೊಂದು ಗಂಟು: ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪು. ಮಗ ಮೊದಲ ಸಲ ಹಡಗು ಹತ್ತಿದ ದಿನ, “ಕ್ಷೇಮವಾಗಿ ಬಂದ್ರೆ ಅವನ ಕೈಲೇ ಕಾಣಿಕೆ ಹಾಕಿಸ್ತೀನಿ ಸ್ವಾಮಿ” ಎಂದು ಧರ್ಮಸ್ಥಳದ ಮಂಜುನಾಥನಿಗೆ ಹೊತ್ತ ಹರಕೆ. ಆ ಹರಕೆ ಇವತ್ತೇ ತೀರಬೇಕೆಂಬುದು ಅವರ ಲೆಕ್ಕ.

ಮಗ ಗೇಟಿನಿಂದ ಹೊರಗೆ ಬಂದಾಗ ಗಂಟೆ ಹನ್ನೊಂದೂವರೆ. ತಾಯಿ ಮಗನ ಭೇಟಿಯ ದೃಶ್ಯವನ್ನು ನಾನು ವರ್ಣಿಸುವುದಿಲ್ಲ. ನೀವು ಎಷ್ಟು ಚಿತ್ರಗಳಲ್ಲಿ ನೋಡಿಲ್ಲ! ಇಲ್ಲಿ ಹಿನ್ನೆಲೆ ಸಂಗೀತ ಇರಲಿಲ್ಲ, ಲಾರಿಗಳ ಹಾರ್ನ್ ಇತ್ತು. ಕಣ್ಣೊರೆಸಿಕೊಂಡ ಕೂಡಲೇ ದೊಡ್ಡಮ್ಮ, “ನಡಿ ಮಗ, ಧರ್ಮಸ್ಥಳಕ್ಕೆ ಹೋಗಿ ಬಂದ್ಬಿಡಾನ” ಎಂದರು.

ಅವನು ಜೇಬಿನಿಂದ ಚೀಟಿ ತೆಗೆದ. ಅದರ ಮೇಲೆ ಲೆಕ್ಕ ಆಗಲೇ ಬರೆದಿತ್ತು, ಅದೂ ಹಿಂದಿನಿಂದ ಮುಂದಕ್ಕೆ!

“ನೋಡಮ್ಮ, ನಾನು ಹಡಗಿನೊಳಗೆ ಇರಬೇಕಾದ್ದು ಮೂರೂವರೆಗೆ. ಗೇಟಿನ ತಪಾಸಣೆ, ಅಲ್ಲಿಂದ ಹಡಗಿನ ತನಕ, ಅರ್ಧ ಗಂಟೆ ತೆಗಿ. ಮೂರು. ಏನಾದ್ರೂ ಎಡವಟ್ಟಾದ್ರೆ ಅಂತ ಒಂದು ಗಂಟೆ ಮೀಸಲು. ಎರಡು. ಅಂದ್ರೆ ಎರಡಕ್ಕೆ ನಾವು ಈ ಗೇಟಿನ ಮುಂದೆ ಇರಬೇಕು. ಈಗ ಹನ್ನೊಂದೂವರೆ. ನಮ್ಮ ಕೈಲಿರೋದು ಎರಡೂವರೆ ಗಂಟೆ.”

ಮಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 75 ಕಿಲೋಮೀಟರು. ಪಣಂಬೂರಿನಿಂದ ಇನ್ನೂ ಹತ್ತು ಜಾಸ್ತಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ನಡುವೆ ದರ್ಶನದ ಸಾಲು. ಆ ಸಾಲು ಎಷ್ಟುದ್ದ ಎಂದು ಮೊದಲೇ ಹೇಳುವವರು ಯಾರು? ಪಿ.ಯು.ಸಿ. ಬಿಟ್ಟ ನನಗೂ ಆ ಲೆಕ್ಕ ಬಂತು. ದೊಡ್ಡಮ್ಮನ ಮುಖ ಬಾಡಿತು. “ಹರಕೆ ಅಲ್ವೇನೋ ಮಗ...” ಎಂದರು.

ಆಗ ಮಾತಾಡಿದವನು ಟ್ಯಾಕ್ಸಿ ಡ್ರೈವರು. “ಅಮ್ಮ, ಕದ್ರಿಗೆ ಹೋಗುವ. ಅಲ್ಲಿರುವುದೂ ಮಂಜುನಾಥನೇ. ಧರ್ಮಸ್ಥಳದ ಲಿಂಗವನ್ನು ಅಣ್ಣಪ್ಪ ತಂದದ್ದು ಕದ್ರಿಯಿಂದ ಅಂತ ಹೇಳ್ತಾರಲ್ಲ? ಅರ್ಧ ಮುಕ್ಕಾಲು ಗಂಟೆ ದಾರಿ, ಅಷ್ಟೇ ಮಾರಾಯ್ರೆ.”

ಆ ಐತಿಹ್ಯ ದೊಡ್ಡಮ್ಮನಿಗೂ ಗೊತ್ತಿತ್ತು. ಒಂದು ಗಳಿಗೆ ಯೋಚಿಸಿ ತೀರ್ಮಾನ ಕೊಟ್ಟರು. “ಸರಿ. ಮುಡಿಪಿಗೆ ಮಗನ ಕೈ ಮುಟ್ಟಿಸ್ಕೊಂಡು, ಧರ್ಮಸ್ಥಳದ ಹುಂಡಿಗೆ ನಾನೇ ಸಂಜೆ ಹೋಗಿ ಹಾಕ್ತೀನಿ. ಮಂಜುನಾಥ ಎಲ್ಲಿಗೂ ಹೊರಟು ಹೋಗಲ್ಲ ಬಿಡು. ಹೊರಡೋದು ನಿನ್ನ ಹಡಗು.”

ಕದ್ರಿ ಗುಡ್ಡದ ಬುಡದಲ್ಲಿ ದೇವಸ್ಥಾನ. ಮೇಲೆ ಗೋಮುಖದ ಚಿಲುಮೆ, ಕೆರೆಗಳು, ಜೋಗಿ ಮಠ. ಒಳಗೆ ಕಂಚಿನ ಲೋಕೇಶ್ವರ ಇದ್ದಾನೆ. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಸಾವಿರ ವರ್ಷ ದಾಟಿದ ಕಂಚು, ನಿನ್ನೆ ಎರಕ ಹೊಯ್ದಂತಿದೆ! ಮಧ್ಯಾಹ್ನದ ಬಾಗಿಲು ಹಾಕುವ ಮುಂಚೆ ದರ್ಶನವಾಯಿತು. ಮಗ ಮುಡಿಪನ್ನು ಕಣ್ಣಿಗೊತ್ತಿಕೊಂಡ. ತಾಯಿ ಮತ್ತೆ ಸೆರಗಿಗೆ ಕಟ್ಟಿಕೊಂಡರು. ನಾನು ಗಡಿಯಾರ ನೋಡಿದೆ: ಒಂದಕ್ಕೆ ಹತ್ತು ನಿಮಿಷ.

ಕೂಳೂರು ಸೇತುವೆಯ ಪಾಠ

ಮಂಗಳೂರಿನಿಂದ ಪಣಂಬೂರಿಗೆ ಹೋಗಬೇಕಾದರೆ ಕೂಳೂರಿನಲ್ಲಿ ಫಲ್ಗುಣಿ ನದಿ ದಾಟಬೇಕು. ಹೆದ್ದಾರಿ 66ರ ಲಾರಿ, ಟ್ಯಾಂಕರ್, ಬಸ್ಸು ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಹೋಗುವಾಗ ಸಲೀಸಾಗಿ ದಾಟಿದ್ದೆವು. ಬರುವಾಗ ಯಾವುದೋ ಲಾರಿ ಕೆಟ್ಟು ನಿಂತಿತ್ತು. ನಮ್ಮ ಟ್ಯಾಕ್ಸಿ ಮಿಸುಕಲಿಲ್ಲ. ಐದು ನಿಮಿಷ... ಹತ್ತು... ಇಪ್ಪತ್ತು... ನನ್ನ ಎದೆ ಡವಡವ ಎನ್ನುತ್ತಿತ್ತು. ಕೆಲಸದವನು ಹಡಗು ತಪ್ಪಿಸಿಕೊಂಡರೆ ಬರೀ ಟಿಕೇಟಿನ ದುಡ್ಡು ಹೋಗುವುದಿಲ್ಲ, ಕೆಲಸವೇ ಹೋಗಬಹುದು. ಆ ಕೆಲಸದಿಂದಲೇ ಚೇಳೂರಿನ ಮನೆಯ ಸಾಲ ತೀರುತ್ತಿರುವುದು.

ಗೆಳೆಯ ಮಾತ್ರ ತಾಯಿಯ ಜೊತೆ ತಂಗಿಯ ಮದುವೆ ಮಾತು ಆಡುತ್ತ ಕೂತಿದ್ದ. “ಏನೋ, ಭಯವಿಲ್ಲವೇನೋ?” ಎಂದೆ. “ಈ ಲಾರಿ ಕೆಟ್ಟು ನಿಲ್ಲುತ್ತೆ ಅಂತಲೇ ಒಂದು ಗಂಟೆ ಮೀಸಲಿಟ್ಟಿರೋದು ಕಣೋ. ಅದರಲ್ಲಿ ಇಪ್ಪತ್ತು ನಿಮಿಷ ಖರ್ಚಾಯ್ತು, ಅಷ್ಟೆ” ಎಂದ.

ಗೇಟಿಗೆ ಬಂದಾಗ ಎರಡು ಹತ್ತು. ಮೂರಕ್ಕೆ ಇನ್ನೂ ಐವತ್ತು ನಿಮಿಷ! ಮೀಸಲು ಗಂಟೆ ದಂಡವೆಂದು ನಾನು ಅಂದುಕೊಂಡಿದ್ದೆ. ಇಡೀ ದಿನದಲ್ಲಿ ಒಳ್ಳೆಯ ಹೊತ್ತೆಂದರೆ ಅದೇ ಆಯಿತು. ಮರದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಡ್ರೈವರಿಗೂ ರೊಟ್ಟಿ ಕೊಟ್ಟೆವು; ಹುಚ್ಚೆಳ್ಳು ಚಟ್ನಿ ತಿಂದು, “ಇದು ಎಂಥದ್ದು ಮಾರಾಯ್ರೆ, ಭಾರೀ ಲಾಯ್ಕುಂಟು!” ಎಂದ. ಯಾರೂ ಗಡಿಯಾರ ನೋಡಲಿಲ್ಲ, ನೋಡಬೇಕಾದ್ದೂ ಇರಲಿಲ್ಲ. ಮೂರಕ್ಕೆ ಸರಿಯಾಗಿ ಮಗ ತಾಯಿಯ ಕಾಲು ಮುಟ್ಟಿ ಒಳಗೆ ಹೋದ. ಅಂಗೈಯಲ್ಲಿ ಬರೆದುಕೊಂಡಿದ್ದ ಆ ಹೆಂಗಸೂ ಅದೇ ಹೊತ್ತಿಗೆ ಬಂದಿಳಿದರು, ಗಂಡನ ಕೈಯಲ್ಲಿ ಗೇರುಬೀಜದ ಪೊಟ್ಟಣ.

ಆಮೇಲೆ ನಾವು ಪಣಂಬೂರು ಕಡಲತೀರಕ್ಕೆ ಹೋಗಿ ಕೂತೆವು. ಐದಾಗಿ ಸ್ವಲ್ಪ ಹೊತ್ತಿಗೆ ಆ ಬಿಳಿ ಹಡಗು ನಿಧಾನವಾಗಿ ಹೊರಗೆ ಬಂತು. ಮಗ ಒಳಗೆಲ್ಲೋ ಹಾಸಿಗೆ ಹಾಸುತ್ತಿದ್ದಿರಬೇಕು. ದೊಡ್ಡಮ್ಮ ಕೈ ಬೀಸಲಿಲ್ಲ, ಕೈ ಮುಗಿದರು. ಆ ರಾತ್ರಿಯೇ ಧರ್ಮಸ್ಥಳ ತಲುಪಿ, ಮಾರನೆಯ ಬೆಳಗ್ಗೆ ಮುಡಿಪು ಹಾಕಿದರು.

ತಪ್ಪಿಸಿಕೊಂಡವರ ಪಾಡು

ಹಡಗು ತಪ್ಪಿದರೆ ಏನಾಗುತ್ತದೆ? ಹತ್ತುವಾಗ ಇಳಿಯುವಾಗ ಎಲ್ಲರ ಕಾರ್ಡನ್ನೂ ಮಿಷಿನ್ನಿಗೆ ತೋರಿಸುತ್ತಾರೆ. ಯಾರು ಬಂದಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ. ಹೆಸರು ಕೂಗುತ್ತಾರೆ. ಬರದಿದ್ದರೆ ಸಾಮಾನ್ಯವಾಗಿ ಅವರ ರೂಮಿನಿಂದ ಪಾಸ್‌ಪೋರ್ಟ್ ಹುಡುಕಿ ತೆಗೆದು ಬಂದರಿನ ಏಜೆಂಟನ ಕೈಗೆ ಕೊಟ್ಟು ಹೊರಟುಬಿಡುತ್ತಾರೆ. ಮುಂದಿನ ಬಂದರಿಗೆ ಹೋಗಿ ಹಿಡಿಯುವುದು ನಿಮ್ಮ ಖರ್ಚು, ನಿಮ್ಮ ಪಾಡು. ಮಂಗಳೂರಿನಲ್ಲಿ ತಪ್ಪಿದವರಿಗೆ ಕೊಚ್ಚಿಗೆ ರೈಲಾದರೂ ಇದೆ. ಎಲ್ಲ ಕಡೆಯೂ ಹಾಗಿರುವುದಿಲ್ಲ.

2024ರ ಮಾರ್ಚ್ ಕೊನೆಯಲ್ಲಿ ಆಫ್ರಿಕಾದ ಸಾವೊ ತೊಮೆ ದ್ವೀಪದಲ್ಲಿ ನಡೆದದ್ದು ಲೋಕಕ್ಕೆಲ್ಲ ಗೊತ್ತಾಯಿತು. ‘ನಾರ್ವೇಜಿಯನ್ ಡಾನ್’ ಹಡಗಿನ ಎಂಟು ಮಂದಿ ತಾವೇ ಗೊತ್ತುಮಾಡಿಕೊಂಡ ಪ್ರವಾಸಕ್ಕೆ ಹೋಗಿ ತಡವಾಗಿ ಬಂದರು. ಹಡಗು ಇನ್ನೂ ಕಣ್ಣಿಗೆ ಕಾಣುತ್ತಿತ್ತು, ಆದರೆ ಹತ್ತಿಸಿಕೊಳ್ಳಲಿಲ್ಲ. ಅವರಲ್ಲಿ ಒಬ್ಬಾಕೆ ಗರ್ಭಿಣಿ. ದೇಶದಿಂದ ದೇಶಕ್ಕೆ ವಿಮಾನ ಬದಲಿಸುತ್ತ ಗ್ಯಾಂಬಿಯಾದಲ್ಲಿ ಹಿಡಿಯೋಣವೆಂದು ಹೋದರೆ ನೀರಿನ ಇಳಿತದಿಂದ ಹಡಗು ಅಲ್ಲಿಗೆ ಬರಲೇ ಇಲ್ಲ! ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಏಪ್ರಿಲ್ 2ರ ಸುಮಾರಿಗೆ ಹತ್ತಿದರು. ಒಂದು ಸಂಜೆಯ ತಡಕ್ಕೆ ವಾರದ ಅಲೆದಾಟ.

ಹೋಗುವವರಿಗೆ ಕೆಲವು ಮಾತು

ಈಗ ನಮ್ಮವರೂ ಹಡಗಿನ ಪ್ರವಾಸಕ್ಕೆ ಹೋಗುತ್ತಿದ್ದಾರೆ. ಅಮೆರಿಕದಲ್ಲಿರುವ ಮಕ್ಕಳು ತಂದೆ ತಾಯಿಯರನ್ನು ಹತ್ತಿಸುತ್ತಿದ್ದಾರೆ. ಅಂಥವರಿಗಾಗಿ ಗೆಳೆಯ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಇಳಿಯುವಾಗ ಹಡಗಿನ ಗಡಿಯಾರವನ್ನು ನೋಡಿಕೊಳ್ಳಿ. ಮಸ್ಕತ್‌ಗೂ ನಮಗೂ ಒಂದೂವರೆ ಗಂಟೆ ವ್ಯತ್ಯಾಸ, ಮಾಲ್ಡೀವ್ಸ್‌ಗೂ ನಮಗೂ ಅರ್ಧ ಗಂಟೆ. ಹಡಗು ಊರಿನ ಸಮಯಕ್ಕೆ ಮುಳ್ಳು ತಿರುಗಿಸಿದೆಯೋ ಇಲ್ಲವೋ ಕೇಳಿ. ಫೋನು ತಾನಾಗಿಯೇ ಊರಿನ ಸಮಯಕ್ಕೆ ಬದಲಾಗಿಬಿಡುತ್ತದೆ, ಕೈಗಡಿಯಾರ ಒಳ್ಳೆಯದು.

ಹಡಗು ಏಳಕ್ಕೆ ಬಂತೆಂದು ಏಳರಿಂದಲೇ ಲೆಕ್ಕ ಹಾಕಬೇಡಿ. ವೀಸಾ ತಪಾಸಣೆಯ ಸಾಲು ಮುಗಿಸಿ ಹೊರಬಂದಾಗಲೇ ನಿಮ್ಮ ಹೊತ್ತು ಶುರು.

ದೂರದ ಜಾಗಕ್ಕೆ ಮೊದಲು ಹೋಗಿ. ಕಾರ್ಕಳ ಮೊದಲು, ಆಮೇಲೆ ಮೂಡುಬಿದಿರೆ, ಕೊನೆಗೆ ಮಂಗಳೂರು. ಹೊತ್ತು ಹೋದಂತೆ ನೀವು ಹಡಗಿಗೆ ಹತ್ತಿರವಾಗುತ್ತಿರಬೇಕು. ತಡವಾದರೆ ಹತ್ತಿರದ್ದನ್ನು ಕೈಬಿಡಬಹುದು. ದೂರದ್ದನ್ನು ಕೊನೆಗಿಟ್ಟುಕೊಂಡವನಿಗೆ ಬಿಡುವುದೂ ಕಷ್ಟ, ಹೋಗುವುದೂ ಕಷ್ಟ.

ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಹೊರಡುವ ಮುಂಚೆಯೇ ತೀರ್ಮಾನಿಸಿ. ಆ ಗಂಟೆಗೆ ಗೊಮ್ಮಟ ಇನ್ನು ಹತ್ತೇ ಮೆಟ್ಟಿಲು ಇದ್ದರೂ ಗಾಡಿ ತಿರುಗಿಸಿ.

ಟ್ಯಾಕ್ಸಿಗೆ ಕಾಯುವ ಚಾರ್ಜೂ ಸೇರಿಸಿ ಮಾತಾಡಿ. ಪೂರ್ತಿ ದುಡ್ಡು ಗೇಟಿಗೆ ಬಂದ ಮೇಲೆಯೇ ಕೊಡಿ. ಆಗ ನಿಮ್ಮನ್ನು ಹೊತ್ತಿಗೆ ತಲುಪಿಸುವ ಆತುರ ಡ್ರೈವರಿಗೂ ಇರುತ್ತದೆ.

ಬಂದರಿನ ಏಜೆಂಟನ ನಂಬರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಫೋನಿನ ಬ್ಯಾಟರಿಯನ್ನು ನಂಬಬೇಡಿ. ಪಾಸ್‌ಪೋರ್ಟಿನ ನಕಲು, ಎರಡು ದಿನದ ಮಾತ್ರೆ, ಸ್ವಲ್ಪ ದುಡ್ಡು ಜೊತೆಗಿರಲಿ.

ಮುಖ್ಯವಾಗಿ, ಮೀಸಲು ಗಂಟೆಗೆ ಮೊದಲೇ ಕೈ ಹಾಕಬೇಡಿ. “ಇನ್ನೂ ಒಂದು ಗಂಟೆ ಇದೆಯಲ್ಲ, ಇನ್ನೊಂದು ಅಂಗಡಿ ನೋಡೋಣ” ಎಂದವರೇ ಆಮೇಲೆ ಧಕ್ಕೆಯ ಮೇಲೆ ಓಡುವವರು. ಆ ಗಂಟೆ ಕೂಳೂರು ಸೇತುವೆಗೆ ಸೇರಿದ್ದು. ಸೇತುವೆ ಬೇಡ ಎಂದರೆ ಮಾತ್ರ ನಿಮಗೆ.

ಗೆಳೆಯನ ಹಡಗು ಮುಂದಿನ ಸಲ ಪಣಂಬೂರಿಗೆ ಬರುವುದು ಯಾವಾಗಲೋ ತಿಳಿಯದು. ಅವನ ಕರಾರು ಮುಗಿಯುವುದು ಹಲಸಿನ ಕಾಲದಲ್ಲಿ. ಆಗ ಊರಿಗೇ ಬರುತ್ತಾನೆ. ಸಿದ್ದು ಹಲಸಿನ ಒಂದು ಹಣ್ಣನ್ನು ದೊಡ್ಡಮ್ಮ ಈಗಲೇ ಗುರುತು ಮಾಡಿಟ್ಟಿದ್ದಾರೆ.